ನಂದಿಯವರೆಗೆ ಒಂದು ನಡೆ



ಕಳೆದ ತಿಂಗಳು ಈ ಪುಟದಲ್ಲಿ ಧನುರ್ಮಾಸದ ಹುಗ್ಗಿಯನ್ನು ಕುರಿತು ಬರೆದಿದ್ದೆನು. ಮೆಣಸು ಎಷ್ಟು, ಶುಂಠಿ ಎಷ್ಟು ಎಂಬ ವಿಚಾರದಲ್ಲಿ ನನ್ನ ಲೆಕ್ಕ ತಪ್ಪೆಂದು ತಿಳಿಸಿ ಹಲವು ಮಂದಿ ಸೋದರಿಯರು ಕಾಗದ ಬರೆದಿದ್ದಾರೆ. ಅಡಿಗೆಯ ಮನೆಯಲ್ಲಿ ನಾನು ಎಂದೆಂದಿಗೂ ವಿದ್ಯಾರ್ಥಿಯೇ ಆದುದರಿಂದ ಅವರ ತಿದ್ದುಪಡಿಗಳನ್ನು ತಲೆಬಾಗಿ ಒಪ್ಪಿಕೊಂಡಿದ್ದೇನೆ. ಈ ತಿಂಗಳು ಬರೆಯತಕ್ಕ ವಿಷಯವು ಹುಗ್ಗಿಯಷ್ಟು ಹಿತವಾದುದಲ್ಲ. ಅದೇ ಧನುರ್ಮಾಸದ ಒಂದು ಮುಂಜಾನೆ ನಮ್ಮ ಮನೆಯ ನಾಯಿಯೊಡನೆ ನಾನು ಮೈಸೂರಿನ ಚಾಮುಂಡಿಬೆಟ್ಟವನ್ನು ನಂದಿಯವರೆಗೆ ಹತ್ತಿ ಇಳಿದೆನು. ಒಟ್ಟು ಎರಡು ಗಂಟೆಗಳ ನಡೆ. ಅದರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳತಕ್ಕದ್ದು ಏನೂ ಇಲ್ಲ. ನಾಚಿಕೆಯಿಂದ ಹೇಳಿಕೊಳ್ಳತಕ್ಕದ್ದು ಒಂದು ಉಂಟು. ಅದನ್ನೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಾಯಿಗೆ ಹೊಸ್ತಿಲಿನಿಂದ ಒಳಗೆ ಎಡೆಯಿರಲಿಲ್ಲ. ಅದರ ಮೈ ಸೋಕಿದರೆ ಸ್ನಾನ ಮಾಡಬೇಕು. ಆದರೂ ವೈಶ್ವದೇವವಾದ ಮೇಲೆ ನಾಯಿಗೂ ಕಾಗೆಗೂ ಒಂದೊಂದು ಹಿಡಿ ಅನ್ನವನ್ನು ಹಾಕುವುದು ಗೃಹಸ್ಥನ ಕರ್ತವ್ಯವೆಂದು ನಮ್ಮ ತಂದೆಯವರು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾಯಿಗೆ ಅನ್ನವುಂಟು, ಆಶ್ರಯವಿಲ್ಲ. ಇದು ನಮ್ಮ ಮನೆಯ ಕಟ್ಟಳೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ, ನಿವೃತ್ತನಾಗುವವರೆಗೂ ನಾನು ಆ ಕಟ್ಟಳೆಯನ್ನು ಪ್ರಶ್ನಿಸಿದವನಲ್ಲ.

ನಿವೃತ್ತನಾದ ವರ್ಷದ ಆಷಾಢದಲ್ಲಿ, ಒಂದು ರಾತ್ರಿ ಮಳೆ ಹಿಡಿದುಕೊಂಡಿತ್ತು. ಜಗಲಿಯ ಮೂಲೆಯಲ್ಲಿ ಒಂದು ಕರಿಯ ಮರಿ ನಡುಗುತ್ತ ಮುದುಡಿಕೊಂಡಿತ್ತು. ನಮ್ಮ ಮನೆಯಾಕೆ ಅದರ ಕೆಳಗೆ ಹಳೆಯ ಗೋಣಿಯೊಂದನ್ನು ಹಾಸಿದಳು. ನಾನು ಹುಬ್ಬು ಗಂಟಿಕ್ಕಿದುದನ್ನು ಕಂಡು, “ಮಳೆ ನಿಲ್ಲೋ ತನಕ ಇರಲಿ ಬಿಡಿ” ಎಂದಳು. ಬೆಳಗಾಗುವ ವೇಳೆಗೆ ಮಳೆಯೂ ನಿಂತಿತು, ನಾಯಿಯೂ ನಿಂತಿತು.

ಹೆಸರಿಡುವ ಭಾಗ್ಯ ಮಾತ್ರ ನನ್ನದಾಯಿತು. ವೇದದಲ್ಲಿ ದೇವತೆಗಳ ನಾಯಿ ಸರಮೆ. ಅವಳ ಸಂತತಿಯೆಂಬ ಅರ್ಥದಿಂದ ನಾಯಿಗೆ ಸಾರಮೇಯವೆಂದು ಹೆಸರು. ಪಾಂಡಿತ್ಯದ ಗರ್ವದಿಂದ ಮರಿಗೆ ‘ಸಾರಮೇಯ’ ಎಂದು ನಾಮಕರಣ ಮಾಡಿದೆನು. ಒಂದು ವಾರ ಕಳೆಯುವುದರೊಳಗೆ ಮನೆಮಂದಿಯ ಬಾಯಲ್ಲಿ ಅದು ಸವೆದು ‘ಸಾರು’ ಎಂದಾಯಿತು. ಸಂಜೆಯ ಹೊತ್ತು ನನ್ನಾಕೆ ಬಾಗಿಲಲ್ಲಿ ನಿಂತು “ಸಾರೂ, ಸಾರೂ” ಎಂದು ಕರೆದರೆ, ಬೀದಿಗೆ ಹೊಸದಾಗಿ ಬಂದವರು ಈ ಮನೆಯಲ್ಲಿ ಅಡಿಗೆಯನ್ನು ಕೂಗಿ ಹಂಚುವರೆಂದು ತಿಳಿಯುತ್ತಿದ್ದರು.

ಹೀಗೆ ಮೂರು ವರ್ಷ ಕಳೆದುವು. ಈಚೆಗೆ ನನ್ನಾಕೆಯ ಮಂಡಿಯ ನೋವು ಹೆಚ್ಚಿತು. ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿದರು. ಬೆಂಗಳೂರಿನಲ್ಲಿರುವ ಮಗನು, ಚಿಕಿತ್ಸೆಯೂ ಆಗಲಿ, ಆರು ತಿಂಗಳು ಅಲ್ಲಿಯೇ ಇರಿ ಎಂದು ಒತ್ತಾಯಮಾಡಿದನು. ಅವನಿರುವುದು ಬಹುಮಹಡಿಯ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ. ಹಿಂದೊಮ್ಮೆ ಅಲ್ಲಿಗೆ ಹೋಗಿದ್ದಾಗ, ನಾಯಿಗಳಿಗೆ ಪ್ರವೇಶವಿಲ್ಲವೆಂದು ನಿವಾಸಿಗಳ ಸಮಿತಿಯವರು ಬಾಗಿಲಲ್ಲಿ ಹಾಕಿದ್ದ ಫಲಕವನ್ನು ನಾನು ಓದಿದ್ದೆನು. ಮಗನನ್ನು ಕೇಳಿ ಅವನನ್ನೇಕೆ ಸಂಕಟಕ್ಕೆ ಸಿಕ್ಕಿಸಬೇಕೆಂದು ಕೇಳಲೇ ಇಲ್ಲ. ನನ್ನಾಕೆಗೆ ಹೇಳಿದರೆ ಅವಳು ಹೊರಡುವುದೇ ಇಲ್ಲವೆಂದು ಹೇಳಲೇ ಇಲ್ಲ. ನೆರೆಯವರಲ್ಲಿ ಇಬ್ಬರನ್ನು ವಿಚಾರಿಸಿದೆನು. ಆರು ತಿಂಗಳ ಮಾತೆಂದರೆ ಕಷ್ಟವೆಂದರು. ಆಗ ನನ್ನ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಬೆಟ್ಟದ ನಂದಿಯ ಬಳಿ ಅಂಗಡಿಗಳಿವೆ, ಯಾತ್ರಿಕರು ಬರುತ್ತಾರೆ, ಬಾಳೆಹಣ್ಣು, ತೆಂಗಿನಕಾಯಿಯ ಚೂರು ಬಿದ್ದಿರುತ್ತವೆ. ಅಲ್ಲಿ ಬಿಟ್ಟರೆ ಬದುಕಿಕೊಳ್ಳುವುದು. ಅದು ಹುಟ್ಟಿದ್ದೂ ಬೀದಿಯಲ್ಲಿಯೇ ಅಲ್ಲವೆ? ಹೀಗೆಂದು ನನಗೆ ನಾನೇ ಹೇಳಿಕೊಂಡೆನು.

ಆ ದಿನ ಬೆಳಿಗ್ಗೆ ಐದು ಮುಕ್ಕಾಲು ಗಂಟೆಗೆ ಬೆಟ್ಟದ ಪಾದವನ್ನು ಸೇರಿದೆವು. ಮಾಗಿಯ ಚಳಿ. ಮೈಸೂರಿನ ಚಳಿ ಉತ್ತರದೇಶದ ಚಳಿಯಂತೆ ಕೊರೆಯುವುದಿಲ್ಲ. ಈ ಕಾಲದ ಮುಂಜಾವಿನಲ್ಲಿ ಸಾಧಾರಣವಾಗಿ 15, 16 ಡಿಗ್ರಿಗೆ ಇಳಿಯುವುದಷ್ಟೆ. ಆದರೂ ನಮ್ಮಂಥ ವಯಸ್ಸಿನವರಿಗೆ ಶಾಲೂ ತಲೆಗೊಂದು ಟೋಪಿಯೂ ಬೇಕು. ಸಾರಮೇಯನಿಗೆ ಅವಾವುವೂ ಬೇಡ. ಪಾದದಲ್ಲಿ ಹೂವು ಮಾರುವ ಮುದುಕಿ ಬುಟ್ಟಿಯನ್ನು ಇಳಿಸುತ್ತಿದ್ದವಳು ನಮ್ಮನ್ನು ಕಂಡು, “ಮೇಷ್ಟ್ರೇ, ಕತ್ಲಲ್ಲಿ ನಾಯಿ ಕರ್ಕೊಂಡು ಹತ್ತಬೇಡಿ. ಚಿರ್ತೆಗೆ ನಾಯಿ ಅಂದ್ರೆ ಹಬ್ಬದೂಟ” ಎಂದಳು. ಅವಳ ಮಾತು ಉತ್ಪ್ರೇಕ್ಷೆಯಲ್ಲ. ಬೆಟ್ಟವು ಕಾಯ್ದಿಟ್ಟ ಅರಣ್ಯ. ಅಲ್ಲಿ ಚಿರತೆಗಳಿರುವುದು ನಿಜ. ಊರಂಚಿನ ನಾಯಿಗಳು ಅವಕ್ಕೆ ಸುಲಭವಾದ ಆಹಾರವೆಂಬುದೂ ನಿಜ. ಆದರೆ ಕತ್ತಲೆಯಲ್ಲಿ ಹೋಗಬೇಕೆಂಬುದೇ ನನ್ನ ಉದ್ದೇಶ. ಪರಿಚಿತರು ಕಂಡರೆ, ಹತ್ತುವಾಗ ಜೊತೆಯಲ್ಲಿದ್ದ ನಾಯಿ ಇಳಿಯುವಾಗ ಎಲ್ಲಿ ಎಂದು ಕೇಳುವರಲ್ಲವೆ? ಕೇಳಿಸದವನಂತೆ ಮುಂದೆ ನಡೆದೆನು.

ಈ ಮೆಟ್ಟಲುಗಳ ದಾರಿಯನ್ನೂ ನಡುವಿನ ಮಹಾನಂದಿಯನ್ನೂ ಮಾಡಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ಮೆಟ್ಟಲುಗಳು ಸಾವಿರದ ಎಂಟೆಂದು ಲೋಕರೂಢಿ. ನಂದಿಯು ಸಿಕ್ಕುವುದು ಸುಮಾರು ಏಳುನೂರನೆಯದರಲ್ಲಿ. ಮೊದಲ ಭಾಗವೇ ಕಡಿದು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಲಿಗೂ ಅರಿಸಿನ ಕುಂಕುಮಗಳನ್ನಿಟ್ಟು ಹತ್ತುವುದನ್ನು ನೀವು ಕಂಡಿರಬಹುದು; ನೂರಾರು ಬೆರಳುಗಳ ಆ ಗುರುತು ಮಂದಬೆಳಕಿನಲ್ಲಿಯೂ ಕಾಣುತ್ತಿತ್ತು. ಇಷ್ಟು ಭಕ್ತಿಯಿಂದ ಜನರು ಹತ್ತುವ ಮೆಟ್ಟಲುಗಳನ್ನು ನಾನು ಹತ್ತುತ್ತಿದ್ದುದು ಯಾವ ಕಾರ್ಯಕ್ಕೆ!

ನಾಯಿಯೊಡನೆ ಬೆಟ್ಟ ಹತ್ತುವವನು ಒಂದು ಬೆಟ್ಟವನ್ನು ಹತ್ತುತ್ತಾನೆ, ನಾಯಿ ಬೇರೊಂದು ಬೆಟ್ಟವನ್ನು ಹತ್ತುತ್ತದೆ. ನನಗೆ ಕಲ್ಲು, ಹುಲ್ಲು, ಮಂಜು. ಅದಕ್ಕೆ ರಾತ್ರಿಯೆಲ್ಲ ನಡೆದುಹೋದವರ ಚರಿತ್ರೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಸೂಕ್ಷ್ಮಾಂಗಗಳು ಸುಮಾರು ಐವತ್ತು ಅರುವತ್ತು ಲಕ್ಷವಾದರೆ, ನಾಯಿಯಲ್ಲಿ ಹತ್ತು ಕೋಟಿಗೂ ಮಿಕ್ಕಿ ಇರುತ್ತವೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ತೇವವೂ ತಂಪೂ ಇರುವ ನಿಶ್ಚಲವಾದ ಗಾಳಿಯಲ್ಲಿ ವಾಸನೆ ಬೇಗ ಚೆದುರದೆ ನೆಲದ ಬಳಿಯೇ ನಿಂತಿರುವುದರಿಂದ ಮಾಗಿಯ ಬೆಳಗು ಅದಕ್ಕೆ ತೆರೆದಿಟ್ಟ ಪುಸ್ತಕ. ಸಾರಮೇಯನು ಪ್ರತಿ ಕಲ್ಲನ್ನೂ ಓದುತ್ತ, ಹತ್ತು ಮೆಟ್ಟಲು ಮುಂದೆ ಹೋಗುವುದು, ಹಗ್ಗ ಬಿಗಿಯಾದೊಡನೆ ನಿಂತು ತಿರುಗಿ ನೋಡುವುದು, ನಾನು ಏದುಸಿರು ಬಿಡುತ್ತ ಸಮೀಪಿಸಿದ ಮೇಲೆ ಮುಂದುವರಿಯುವುದು. ಒಮ್ಮೆಯೂ ನನ್ನನ್ನು ಎಳೆಯಲಿಲ್ಲ. ಮುದಿಯಾದ ಉಪಾಧ್ಯಾಯನನ್ನು ಶಿಷ್ಯನು ಹೇಗೆ ಕರೆದೊಯ್ಯಬೇಕೋ ಹಾಗೆ ಕರೆದೊಯ್ಯುತ್ತಿತ್ತು.

ಇನ್ನೂರು ಮೆಟ್ಟಲು ಕಳೆದಿರಬಹುದು. ದೀಪದ ಬೆಳಕು ತಲುಪದ ಒಂದು ಎಡೆಯಲ್ಲಿ ನಾಯಿ ಥಟ್ಟನೆ ನಿಂತಿತು. ಬೆನ್ನಿನ ಕೂದಲು ನೆಟ್ಟಗಾದುವು. ಬಾಲವು ಕಾಲುಗಳ ನಡುವೆ ಅಡಗಿತು. ಬೊಗಳಲಿಲ್ಲ, ಎದೆಯೊಳಗಿನಿಂದ ಒಂದು ಸಣ್ಣ ಗುರುಗುಟ್ಟುವಿಕೆ ಮಾತ್ರ. ನಾನು “ನಡಿ” ಎಂದೆನು. ನಡೆಯಲಿಲ್ಲ. ಹಗ್ಗವನ್ನು ಎಳೆದೆನು. ನಾಲ್ಕು ಕಾಲುಗಳನ್ನೂ ಊರಿ, ಅಡ್ಡವಾಗಿ ತಿರುಗಿ, ನನ್ನ ಮೊಣಕಾಲಿಗೆ ಮೈಯೊತ್ತಿ ನಿಂತಿತು. ಅದರ ಮೈ ನಡುಗುತ್ತಿರುವುದು ನನ್ನ ಕಾಲಿಗೆ ತಿಳಿಯುತ್ತಿತ್ತು. ನಡುಗುತ್ತಿದ್ದರೂ ಅದು ನಿಂತಿದ್ದುದು ನನಗೂ ಆ ಕತ್ತಲೆಗೂ ನಡುವೆ.

ಎಡಗಡೆಯ ಪೊದೆಯಲ್ಲಿ ಒಣಗಿದ ಹುಲ್ಲು ಒಮ್ಮೆ ಸರಕ್ಕೆಂದಿತು. ಮತ್ತೆ ಸದ್ದಿಲ್ಲ. ನಾನು ಹತ್ತು ಮೆಟ್ಟಲು ಹಿಂದಿರುಗಿ, ಬೆಳಕಿದ್ದ ಕಡೆ ಒಂದು ಕಟ್ಟೆಯ ಮೇಲೆ ಕುಳಿತೆನು. ಪೂರ್ವದಿಕ್ಕು ಬೆಳ್ಳಗಾಗುವವರೆಗೆ, ಅರ್ಧ ಗಂಟೆಯ ಕಾಲ, ಇಬ್ಬರೂ ಕದಲಲಿಲ್ಲ. ಆಮೇಲೆ ಕೆಳಗಿನಿಂದ ನಾಲ್ಕೈದು ಮಂದಿ ತರುಣರು ಮಾತಾಡುತ್ತ ಬಂದರು. ಅವರ ಹಿಂದೆ ನಾವೂ ಹೊರಟೆವು. ಪೊದೆಯಲ್ಲಿ ಇದ್ದುದು ಚಿರತೆಯೋ, ಕಾಡುಬೆಕ್ಕೋ, ಬರಿಯ ನವಿಲೋ ನಾನು ಕಾಣೆ. ನಾಯಿ ಬಲ್ಲದು, ಅದು ಹೇಳಲಾರದು.

ಕಟ್ಟೆಯ ಮೇಲೆ ಕುಳಿತಿದ್ದಾಗ ಮನಸ್ಸು ಅಳುಕಿತೆಂಬುದು ನಿಜ. ಆದರೆ ಮನುಷ್ಯನ ಮನಸ್ಸಿನಂಥ ಚತುರನಾದ ವಕೀಲನು ಬೇರೆ ಯಾರೂ ಇಲ್ಲ. ‘ಇಷ್ಟು ಎಚ್ಚರವುಳ್ಳ ಪ್ರಾಣಿ, ಎಲ್ಲಿ ಬಿಟ್ಟರೂ ಬದುಕೀತು’ ಎಂದು ಅದೇ ಉಪಕಾರವನ್ನೇ ಆಧಾರಮಾಡಿಕೊಂಡು ವಾದಿಸಿತು. ನಾನು ಒಪ್ಪಿದೆನು.

ಏಳು ಗಂಟೆಯ ಸುಮಾರಿಗೆ ನಂದಿಯನ್ನು ಸೇರಿದೆವು. ಎಳೆಬಿಸಿಲು ಆ ಮಹಾಶಿಲೆಯ ಮುಖದ ಮೇಲೆ ಆಗತಾನೆ ಬೀಳುತ್ತಿತ್ತು. ಹದಿನೈದು ಅಡಿಗೂ ಮೇಲ್ಪಟ್ಟ ಎತ್ತರ. ಕೊರಳಲ್ಲಿ ಗಂಟೆಗಳ ಸಾಲು. ಒಂದೇ ಬಂಡೆಯಲ್ಲಿ ಕಡೆದ ವಿಗ್ರಹ. ಕೆಳಗೆ ಊರು ಮಂಜಿನಲ್ಲಿ ಮುಳುಗಿತ್ತು. ಲಲಿತಮಹಲಿನ ಬೆಳ್ಳನೆಯ ಗುಮ್ಮಟವೊಂದು ಮಾತ್ರ ಮೇಲೆ ತೇಲುತ್ತಿತ್ತು. ಅಂಗಡಿಗಳ ಹಿಂದೆ ಬೆಟ್ಟದ ನಾಯಿಗಳಿದ್ದುವು. ಒಂದರ ಕಿವಿ ಹರಿದಿತ್ತು. ಇನ್ನೊಂದು ಮೂರು ಕಾಲಿನಲ್ಲಿ ಕುಂಟುತ್ತಿತ್ತು. ಒಂದು ಕಾಯಿಚೂರಿಗಾಗಿ ಕೋತಿಗಳಿಗೂ ಅವಕ್ಕೂ ಜಗಳ ನಡೆದಿತ್ತು. ‘ಬದುಕಿಕೊಳ್ಳುವುದು’ ಎಂಬ ಮಾತಿನ ಅರ್ಥವನ್ನು ಅಲ್ಲಿ ಕಣ್ಣಾರೆ ಕಂಡೆನು. ಕಂಡೂ ಕೊರಳಿನ ಹಗ್ಗವನ್ನು ಬಿಚ್ಚಿದೆನು.

ಸಾರಮೇಯನು ಮುಂಗಾಲು ಚಾಚಿ ಮೈ ಮುರಿದು, ಒಂದು ಕಂಬದ ಬುಡವನ್ನು ಮೂಸತೊಡಗಿತು. ಅದೇ ಸಮಯವೆಂದು ನಾನು ಮೆಲ್ಲನೆ ನಂದಿಯ ಪಕ್ಕಕ್ಕೆ ಸರಿದೆನು. ಹಿಂಬದಿಯಿಂದ ಸುತ್ತಿ, ಆ ಕಡೆಯ ಮಾರ್ಗವನ್ನು ಹಿಡಿದು ಇಳಿದುಬಿಡಬೇಕೆಂದು ನನ್ನ ಯೋಚನೆ. ಅರುವತ್ತು ದಾಟಿದ ಉಪಾಧ್ಯಾಯನು, ಶಾಲು ಹೊದ್ದು, ಕಳ್ಳಹೆಜ್ಜೆಯಿಟ್ಟು, ಶಿವನ ವಾಹನದ ಮರೆಯಲ್ಲಿ ನಾಯಿಯಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಆ ದೃಶ್ಯವನ್ನು ನನ್ನ ಹಳೆಯ ಶಿಷ್ಯರು ಯಾರೂ ನೋಡಲಿಲ್ಲವೆಂದು ನಂಬಿದ್ದೇನೆ. ನಂದಿಯ ಹಿಂಬದಿಯನ್ನು ದಾಟಿ ಈಚೆಯ ಪಕ್ಕಕ್ಕೆ ತಿರುಗಿದೆನು. ಎದುರಿನಲ್ಲಿ ಸಾರಮೇಯನು ಕುಳಿತಿತ್ತು. ನಾನು ಪ್ರದಕ್ಷಿಣೆ ಮಾಡುತ್ತಿರುವೆನೆಂದು ತಿಳಿದು, ಬೇರೊಂದು ಕಡೆಯಿಂದ ಬಂದು, ಮುಗಿಯಲೆಂದು ಕಾಯುತ್ತಿತ್ತು. ಬಾಲವು ನೆಲವನ್ನು ಗುಡಿಸುತ್ತಿತ್ತು. ಅದರ ಮುಖದಲ್ಲಿ ಸಂಶಯದ ಲೇಶವೂ ಇರಲಿಲ್ಲ. ಸಂಶಯಪಟ್ಟಿದ್ದರೆ ನಾನು ಬಹುಶಃ ಬಿಟ್ಟುಬರುತ್ತಿದ್ದೆನು. ಹಗ್ಗವನ್ನು ಕೈಯಲ್ಲಿ ಹಿಡಿದು ಬಾಗಿದೆನು. ಅದು ತಾನಾಗಿಯೇ ಕೊರಳನ್ನು ಚಾಚಿತು.

ಇಳಿಯುವಾಗ ನನಗೆ ನೆನಪಾದುದು ಮಹಾಪ್ರಸ್ಥಾನದ ಕಥೆ. ನಮ್ಮ ಮನೆಗಳಲ್ಲಿ ಭಾರತವಾಚನವೆಂದರೆ ಕುಮಾರವ್ಯಾಸನ ಭಾರತ. ಅದು ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಕನ್ನಡಿಸಿದನು. ಆದುದರಿಂದ ಕೊನೆಯ ಈ ಪ್ರಸಂಗವು ಹಲವರ ಕಿವಿಗೆ ಬಿದ್ದಿರಲಾರದು. ಪಾಂಡವರು ರಾಜ್ಯವನ್ನು ತೊರೆದು ಹಿಮಾಲಯದ ಕಡೆಗೆ ನಡೆಯುತ್ತಾರೆ. ಒಂದು ನಾಯಿ ಹಿಂಬಾಲಿಸುತ್ತದೆ. ದಾರಿಯಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಕ್ರಮವಾಗಿ ಬೀಳುತ್ತಾರೆ. ಕಡೆಗೆ ಉಳಿದವರು ಧರ್ಮರಾಯ ಮತ್ತು ನಾಯಿ. ಇಂದ್ರನು ರಥವನ್ನು ತಂದು, ನೀನು ಬಾ, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೆಂದು ಹೇಳುತ್ತಾನೆ. ಬಹುಮಹಡಿಯ ಕಟ್ಟಡದ ಸಮಿತಿಯವರು ಹೊಸದೇನನ್ನೂ ಹೇಳಿಲ್ಲವೆಂದಾಯಿತು. ಧರ್ಮರಾಯನು ಒಪ್ಪುವುದಿಲ್ಲ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡುವುದು ಕಷ್ಟವೆ ಎಂದು ಇಂದ್ರನು ಚುಚ್ಚುತ್ತಾನೆ. ಆಗ ಅವನು ಕೊಡುವ ಉತ್ತರವನ್ನು ಗಮನಿಸಬೇಕು: ಸತ್ತವರನ್ನು ಬದುಕಿಸಲು ನನಗೆ ಶಕ್ತಿಯಿರಲಿಲ್ಲ, ಆದುದರಿಂದ ಬಿಟ್ಟೆನು; ಬದುಕಿದ್ದಾಗ ಬಿಡಲಿಲ್ಲ; ಇದು ಬದುಕಿದೆ, ನನ್ನನ್ನು ನಂಬಿದೆ. ಅನಂತರ ನಾಯಿಯು ಧರ್ಮದೇವತೆಯಾಗಿ ಪ್ರತ್ಯಕ್ಷವಾಗುತ್ತದೆ.

ಈ ಭಾಗವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ನಾಯಿಯೆಂದರೆ ನಾಯಿಯಲ್ಲ, ಧರ್ಮದ ಸಂಕೇತ. ಮನುಷ್ಯನೊಡನೆ ಕಡೆಯವರೆಗೂ ಬರುವುದು ಧರ್ಮವೊಂದೇ ಎಂದು ವ್ಯಾಖ್ಯಾನ ಮಾಡುತ್ತಿದ್ದೆನು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸಾರ್, ಅದು ಬರೀ ನಾಯಿಯೇ ಆಗಿದ್ದಿದ್ರೆ?” ಎಂದು ಕೇಳಿದನು. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆನು. ಇಪ್ಪತ್ತು ವರ್ಷಗಳ ಮೇಲಾಯಿತು. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಎಲ್ಲಿದ್ದರೂ ಅವನ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಮಗೂ, ಧರ್ಮರಾಯನ ಮಟ್ಟಿಗೆ ಅದು ಬರಿಯ ನಾಯಿಯೇ ಆಗಿತ್ತು. ಧರ್ಮದೇವತೆಯೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದು ಬಿಡದಿದ್ದರೆ ಅದರಲ್ಲೇನು ದೊಡ್ಡತನ? ನಾಯಿಯನ್ನು ನಾಯಿಯೆಂದೇ ತಿಳಿದು ಬಿಡಲಿಲ್ಲ, ಧರ್ಮವಿದ್ದುದು ಅಲ್ಲಿ. ಭಾರತದ ಆದಿಯಲ್ಲಿಯೂ ಒಂದು ನಾಯಿಯುಂಟು. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು, ಅದು ಹವಿಸ್ಸನ್ನು ನೆಕ್ಕದೆ, ಕಣ್ಣೆತ್ತಿಯೂ ನೋಡದೆ ಇದ್ದರೂ, ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ತಾಯಿ ಬಂದು, ತಪ್ಪಿಲ್ಲದವನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರಲ್ಲಿ ಉತ್ತರವಿಲ್ಲ. ಅಷ್ಟು ದೊಡ್ಡ ಗ್ರಂಥದ ಎರಡು ಕೊನೆಗಳಲ್ಲಿಯೂ ನಾಯಿಗಳು ನಿಂತಿರುವುದನ್ನು ನಾನು ಓದಿದ್ದೆನು, ನೋಡಿರಲಿಲ್ಲ.

ನಮ್ಮ ಕನ್ನಡನಾಡಿನ ಹಿರಿಯರು ನೋಡಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ. ಶ. 949–50ರ ವೀರಗಲ್ಲೊಂದುಂಟು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಮಣಲೇರನೆಂಬ ವೀರನು ಯುದ್ಧದಲ್ಲಿ ಮೆರೆದು, ಒಡೆಯನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಕಾಳಿಯು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಆ ಕಲ್ಲಿನಲ್ಲಿದೆ. ಹಿಂದೆ ಶಾಲೆಯ ಮಕ್ಕಳನ್ನು ಕರೆದೊಯ್ದು ಅದನ್ನು ತೋರಿಸಿ, ಶಾಸನದ ಕಾಲವನ್ನು ಬರೆದುಕೊಳ್ಳಿರೆಂದು ಹೇಳಿದವನೂ ನಾನೇ.

ಮನೆಗೆ ಬಂದು ನನ್ನಾಕೆಗೆ ನಡೆದುದೆಲ್ಲವನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಾಳೆ ನನ್ನ ಮಂಡಿ ಸರಿಹೋಗದೇ ಇದ್ರೆ ನನ್ನನ್ನೂ ನಂದಿ ಹತ್ರ ಬಿಟ್ಟು ಬರ್ತೀರಾ?” ಎಂದಳು. ಎದ್ದುಹೋಗಿ ಸಾರಮೇಯನಿಗೆ ಮೊಸರನ್ನ ಕಲಸಿದಳು. ಅಂದು ನನಗೆ ಕಾಫಿ ಬರುವುದು ಬಹಳ ತಡವಾಯಿತು.

ಸಂಜೆ ಮಗನಿಗೆ ದೂರವಾಣಿಯಲ್ಲಿ ತಿಳಿಸಿದೆನು. “ಅಪ್ಪಾ, ನೀವು ಕೇಳಿದ್ರೆ ತಾನೆ ನಾನು ಹೇಳೋದು? ಹಾಗೆ ನಿಷೇಧ ಮಾಡೋಕೆ ಸಮಿತಿಯವರಿಗೆ ಅಧಿಕಾರವೇ ಇಲ್ಲ” ಎಂದನು. ಸಾಕುನಾಯಿಗಳನ್ನು ನಿವಾಸಿಗಳ ಸಂಘಗಳು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯು 2015ರಲ್ಲಿಯೇ ಸೂಚನೆ ಹೊರಡಿಸಿದೆಯಂತೆ. ಅಷ್ಟೇ ಅಲ್ಲ, ಹಸಿವು ಬಾಯಾರಿಕೆಗಳಿಂದ ಸಂಕಟಪಡುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನಾನು ಕಾಯಿದೆಗೆ ಅಂಜಿ ಹಿಂದಿರುಗಿದವನಲ್ಲ. ಆದರೆ ನನ್ನಂತೆ ಉಪಾಯ ಹೊಳೆದವರು ಯಾರಾದರೂ ಇದ್ದರೆ ಅವರಿಗೆ ತಿಳಿದಿರಲಿ.

ಇನ್ನೆರಡು ಮಾತು. ನಾಯಿಯೊಡನೆ ಬೆಟ್ಟಕ್ಕೆ ಹೋಗುವವರು ಸೂರ್ಯೋದಯವಾದ ಮೇಲೆ ಹೋಗಿರಿ; ಹಗ್ಗವನ್ನು ಬಿಚ್ಚಬೇಡಿರಿ; ಕುಡಿಯುವ ನೀರನ್ನು ಒಯ್ಯಿರಿ, ನಾಯಿಯು ನಮ್ಮಂತೆ ಮೈಯೆಲ್ಲ ಬೆವರಿ ತಣಿಯಲಾರದು, ಏದುಸಿರಿನಿಂದಲೇ ತಣಿಯಬೇಕು. ಹುಚ್ಚುನಾಯಿರೋಗದ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಒಡನೆಯೇ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಂಡಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಮಕ್ಕಳು ಹಟಮಾಡಿದರೆಂದು ಮರಿಯನ್ನು ತರುವ ಮೊದಲು, ಅದು ಹತ್ತು ಹದಿನೈದು ವರ್ಷ ನಿಮ್ಮನ್ನು ನಂಬಿಕೊಂಡಿರುವುದೆಂಬುದನ್ನು ಯೋಚಿಸಿರಿ.

ಬರುವ ತಿಂಗಳ ಲೇಖನವು ಬೆಂಗಳೂರಿನಿಂದ ಬರುವುದು. ನಾವು ಮೂವರು ಹೊರಡುತ್ತಿದ್ದೇವೆ.